ಕೊಂಡ ಎತ್ತು, ಮನೆಯ ಹೋರಿ: ಕಂಪ್ಯೂಟರಿಗೆ ಕನ್ನಡ ಬಂದ ಬಗೆ

ಮೋರಖಂಡಿಯ ನಮ್ಮ ಪ್ರೌಢಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ, ನನಗೆ ಅನ್ನ ಕೊಟ್ಟ ವಿದ್ಯೆಯ ಚಿಕ್ಕ ಇತಿಹಾಸವೊಂದನ್ನು ಗುರುಗಳ ಹಾಗೂ ಊರಿನ ಹಿರಿಯರ ಮುಂದಿಡುತ್ತಿದ್ದೇನೆ.

ಗುಂಡಿ ಒತ್ತಿದೊಡನೆ ಎಚ್ಚರಗೊಂಡು ಕೀಲಿಮಣೆ, ಪರದೆ, ಕಡತಗಳನ್ನೆಲ್ಲ ನಡೆಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್. ಯಾರೋ ಒಬ್ಬ ಜಾಣ ಕೂತು ಇದನ್ನು ಬರೆದಿರಬೇಕೆಂದು ಬಿ.ಇ. ಸೇರುವಾಗ ನಾನು ತಿಳಿದಿದ್ದೆ. ಹಾಗಲ್ಲ. ಸಂತೆಯಲ್ಲಿ ಕೊಂಡ ಎತ್ತನ್ನೂ ಮನೆಯಲ್ಲಿ ಹುಟ್ಟಿದ ಹೋರಿಯನ್ನೂ ನಾವು ಒಂದೇ ನೊಗಕ್ಕೆ ಹೂಡುವುದಿಲ್ಲವೇ? ಇದೂ ಹಾಗೆಯೇ. ಟಿಮ್ ಪ್ಯಾಟರ್ಸನ್ ಬರೆದಿದ್ದ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ 1981ರಲ್ಲಿ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಚಿಕ್ಕ ಕಂಪನಿಯಿಂದ ಕೊಂಡು ಡಾಸ್ ಆಗಿ ಬೆಳೆಸಿತು. ಅದರ ಮೇಲೆ ನಡೆಯುವ ವಿಂಡೋಸನ್ನು ತಾನೇ ಕಟ್ಟಿ 1985ರಲ್ಲಿ ಹೊರತಂದಿತು. ಗೂಗಲ್ 2005ರಲ್ಲಿ ಆಂಡ್ರಾಯ್ಡ್ ಎಂಬ ಪುಟ್ಟ ಕಂಪನಿಯನ್ನು ಕೊಂಡಿತು. ಅದನ್ನು ಮೂರು ವರ್ಷ ಸಾಕಿ ಬೆಳೆಸಿದ ಮೇಲೆಯೇ, 2008ರಲ್ಲಿ, ಮೊದಲ ಫೋನು ಮಾರುಕಟ್ಟೆಗೆ ಬಂತು.

ಕನ್ನಡಕ್ಕಾದರೋ ಸಂತೆಯಲ್ಲಿ ಎತ್ತು ಸಿಗಲಿಲ್ಲ. ಮನೆಯಲ್ಲೇ ಹೋರಿ ಬೆಳೆಸಬೇಕಾಯಿತು. ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡದ ಉಚ್ಚಾರಕ್ಕೆ ಹೊಂದುವ ವಿನ್ಯಾಸ ರೂಪಿಸಿದರು. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಅದೇ ವಿನ್ಯಾಸವನ್ನು ಕನ್ನಡ ಗಣಕ ಪರಿಷತ್ತು ‘ನುಡಿ’ಯಲ್ಲಿ ಅಳವಡಿಸಿತು. ಶೇಷಾದ್ರಿ ವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡಕ್ಕೆ 1991ರಲ್ಲೇ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದರೂ, ವಿಂಡೋಸ್ ಒಳಗೇ ‘ತುಂಗಾ’ ಎಂಬ ಕನ್ನಡ ಅಕ್ಷರಶೈಲಿ ಕಂಡದ್ದು 2001ರ ಎಕ್ಸ್‌ಪಿಯಲ್ಲಿ. ಅಷ್ಟರವರೆಗೆ ನಮ್ಮ ಲಿಪಿಯನ್ನು ಕಂಪ್ಯೂಟರಿನಲ್ಲಿ ಉಳಿಸಿದವರು ನಮ್ಮವರೇ.

ಈ ಮಾತಿನ ಬೆಲೆ ನನಗೆ ತಿಳಿದದ್ದು ನಷ್ಟವಾದ ಮೇಲೆ. ನಮ್ಮ ತಾತ ಹೇಳಿದ ಹಂತಿಪದಗಳನ್ನು ಕಾಲೇಜಿನ ದಿನಗಳಲ್ಲಿ ಹಳೆಯ ಫಾಂಟೊಂದರಲ್ಲಿ ಬೆರಳಚ್ಚು ಮಾಡಿಟ್ಟಿದ್ದೆ. ವರ್ಷಗಳ ನಂತರ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೀಟು, ಚಿಹ್ನೆ. ಆ ಫಾಂಟ್ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಿತ್ತು; ಫಾಂಟ್ ಹೋದೊಡನೆ ಕನ್ನಡವೂ ಹೋಯಿತು. ಅರ್ಧದಷ್ಟನ್ನು ಹೇಗೋ ಪರಿವರ್ತಿಸಿ ಉಳಿಸಿಕೊಂಡೆ. ಉಳಿದದ್ದನ್ನು ಕೇಳಿ ಬರೆದುಕೊಳ್ಳೋಣವೆಂದರೆ ತಾತ ಇರಲಿಲ್ಲ.

ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಉಂಟು. ಯಂತ್ರ ಬದಲಾದರೂ ಕ ಎಂಬುದು ಕ ಆಗಿಯೇ ಉಳಿಯುತ್ತದೆ. ಆದ್ದರಿಂದ ಸಂಪಾದಕ ಮಂಡಳಿಯ ಗುರುಗಳಲ್ಲಿ ಹಳೆಯ ವಿದ್ಯಾರ್ಥಿಯ ಒಂದೇ ವಿನಂತಿ: ಈ ಸಂಚಿಕೆ ಅಚ್ಚಾದ ಮೇಲೆ ಅದರ ಒಂದು ಪ್ರತಿಯನ್ನು ಯೂನಿಕೋಡ್‌ನಲ್ಲೂ ತೆಗೆದಿಡಿ. ಶಾಲೆಯ ನೂರರ ಹಬ್ಬಕ್ಕೆ ಬರುವ ಮಕ್ಕಳಿಗೆ ನಮ್ಮೆಲ್ಲರ ಹೆಸರು ಓದಲು ಸಿಗಲಿ.