ರೋಮನ್ನರ ಹೆಸರುಗಳು: ಮನೆತನ ಮೊದಲು, ಮನುಷ್ಯ ಆಮೇಲೆ

ರೋಮ್ ನಗರದ ಪ್ಯಾಂಥಿಯನ್ ದೇವಾಲಯದ ಮುಖಮಂಟಪದ ಮೇಲೆ ದಪ್ಪ ಅಕ್ಷರಗಳ ಒಂದು ಸಾಲಿದೆ. ಲೂಸಿಯಸ್‌ನ ಮಗ ಮಾರ್ಕಸ್ ಅಗ್ರಿಪ್ಪ ಮೂರನೆಯ ಸಲ ಕಾನ್ಸಲ್ (ಅತ್ಯುನ್ನತ ಅಧಿಕಾರಿ) ಆಗಿದ್ದಾಗ ಇದನ್ನು ಕಟ್ಟಿಸಿದ ಎಂಬುದು ಅದರ ತಾತ್ಪರ್ಯ. ಮಾರ್ಕಸ್‌ಗೆ ‘ಎಂ’, ಲೂಸಿಯಸ್‌ಗೆ ‘ಎಲ್’, ಮಗ ಎಂಬುದಕ್ಕೆ ‘ಎಫ್’. ಒಂದೊಂದೇ ಅಕ್ಷರ ಸಾಕಾಗಿದೆ. ಆದರೆ ಅವನ ಮನೆತನದ ಹೆಸರಾದ ವಿಪ್ಸಾನಿಯಸ್ ಅಲ್ಲಿಲ್ಲ. ಅದು ದೊಡ್ಡ ಮನೆತನವಾಗಿರಲಿಲ್ಲ, ಅಗ್ರಿಪ್ಪ ಅದನ್ನು ಬೇಕೆಂದೇ ಕೈಬಿಟ್ಟಿದ್ದ. ರೋಮನ್ನರು ಒಬ್ಬನ ಹೆಸರು ಕೇಳಿಯೇ ಅವನನ್ನು ಎಲ್ಲಿ ಕೂರಿಸಬೇಕೆಂದು ನಿರ್ಧರಿಸುತ್ತಿದ್ದರು.

ಮೂರು ಭಾಗಗಳು

ಗಣರಾಜ್ಯದ ಕೊನೆಯ ಕಾಲದ ಗಣ್ಯ ಗಂಡಸಿಗೆ ಸಾಮಾನ್ಯವಾಗಿ ಮೂರು ಹೆಸರು. ಗಾಯಸ್ ಜೂಲಿಯಸ್ ಸೀಸರ್ ಎಂಬುದರಲ್ಲಿ ಗಾಯಸ್ ಪ್ರೈನೋಮೆನ್, ಅಂದರೆ ಹುಟ್ಟಿದಾಗ ಇಟ್ಟದ್ದು. ಗಂಡು ಮಗುವಿಗೆ 9ನೆಯ ದಿನ, ಹೆಣ್ಣು ಮಗುವಿಗೆ 8ನೆಯ ದಿನ ನಾಮಕರಣ. ಜೂಲಿಯಸ್ ಎಂಬುದು ನೋಮೆನ್, ಇಡೀ ಕುಲಕ್ಕೆ ಸೇರಿದ್ದು. ಸೀಸರ್ ಎಂಬುದು ಕಾಗ್ನೋಮೆನ್, ಆ ಕುಲದ ಒಂದು ಕವಲನ್ನು ತೋರಿಸುವುದು. ಎಲ್ಲರಿಗೂ ಮೂರೂ ಇರಲಿಲ್ಲ. ಗಾಯಸ್ ಮಾರಿಯಸ್, ಮಾರ್ಕಸ್ ಆಂಟೋನಿಯಸ್ ಅವರಂಥ ಘಟಾನುಘಟಿಗಳಿಗೂ ಕಾಗ್ನೋಮೆನ್ ಇಲ್ಲ.

ಪ್ರೈನೋಮೆನ್‌ಗಳು ಬಳಕೆಯಲ್ಲಿದ್ದದ್ದೇ ಬೆರಳೆಣಿಕೆಯಷ್ಟು. ಅದರಲ್ಲೂ ಕೆಲವು ಮನೆತನಗಳು ತಮ್ಮವೇ ನಿಷೇಧ ಹಾಕಿಕೊಂಡಿದ್ದವು. ಲೂಸಿಯಸ್ ಹೆಸರಿನ ಇಬ್ಬರಲ್ಲಿ ಒಬ್ಬ ದರೋಡೆಗೆ, ಇನ್ನೊಬ್ಬ ಕೊಲೆಗೆ ಶಿಕ್ಷೆ ಉಂಡದ್ದರಿಂದ ಕ್ಲಾಡಿಯಸ್ ಮನೆತನದ ಪ್ಯಾಟ್ರಿಷಿಯನ್ನರು (ಹಳೆಯ ಕುಲೀನರು) ಆ ಹೆಸರನ್ನೇ ಬಿಟ್ಟರೆಂದು ರೋಮನ್ ಚರಿತ್ರಕಾರ ಸ್ಯೂಟೋನಿಯಸ್ ಬರೆದಿದ್ದಾನೆ. ಒಬ್ಬನ ತಪ್ಪಿಗೆ ಹೆಸರೂ ಹೊಣೆ!

ಕಡಲೆಕಾಳಿನ ಗೌರವ

ಕಾಗ್ನೋಮೆನ್‌ಗಳು ಬಹುಪಾಲು ಅಡ್ಡಹೆಸರುಗಳಾಗಿ ಹುಟ್ಟಿ ತಲೆಮಾರುಗಳಿಗೆ ಅಂಟಿಕೊಂಡವು. ವಾಗ್ಮಿ ಮಾರ್ಕಸ್ ಟುಲ್ಲಿಯಸ್ ಸಿಸೆರೊನ ಹೆಸರಿನಲ್ಲಿರುವುದು ಕಡಲೆ. ಅವನ ಪೂರ್ವಜನೊಬ್ಬನ ಮೂಗಿನ ತುದಿಯಲ್ಲಿ ಕಡಲೆಕಾಳಿನಲ್ಲಿರುವಂಥ ಸೀಳು ಇತ್ತೆಂದು ಗ್ರೀಕ್ ಜೀವನಚರಿತ್ರಕಾರ ಪ್ಲುಟಾರ್ಕ್ ಹೇಳುತ್ತಾನೆ. ರಾಜಕೀಯಕ್ಕೆ ಇಳಿಯುವಾಗ ಈ ಹೆಸರು ಬದಲಿಸಿಕೊಳ್ಳೆಂದು ಗೆಳೆಯರು ಬುದ್ಧಿ ಹೇಳಿದರೂ ಸಿಸೆರೊ ಜಪ್ಪಯ್ಯ ಎನ್ನಲಿಲ್ಲ. ಸಿಸಿಲಿಯಲ್ಲಿ ಕ್ವೇಸ್ಟರ್ (ಹಣಕಾಸಿನ ಅಧಿಕಾರಿ) ಆಗಿದ್ದಾಗ ದೇವರಿಗೆ ಬೆಳ್ಳಿಯ ಪಾತ್ರೆ ಅರ್ಪಿಸಿ, ಅದರ ಮೇಲೆ ಮಾರ್ಕಸ್, ಟುಲ್ಲಿಯಸ್ ಎಂದು ಬರೆಸಿ, ಮೂರನೆಯ ಹೆಸರಿನ ಜಾಗದಲ್ಲಿ ಅಕ್ಕಸಾಲಿಗನಿಂದ ಒಂದು ಕಡಲೆಕಾಳನ್ನೇ ಕೊರೆಸಿದನಂತೆ. ಕುಲದ ಬಲವಿಲ್ಲದೆ ಮೇಲೆ ಬಂದವನ ಆತ್ಮಗೌರವ ಈ ಪ್ರಸಂಗದಲ್ಲಿ ಎದ್ದು ಕಾಣುತ್ತದೆ.

ಗೆಲುವು ತಂದವರಿಗೆ ಇನ್ನೊಂದು ಬಿರುದೂ ಸೇರುತ್ತಿತ್ತು. ಕ್ರಿ.ಪೂ. 202ರಲ್ಲಿ ಉತ್ತರ ಆಫ್ರಿಕಾದ ಝಾಮಾದಲ್ಲಿ ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್‌ನನ್ನು ಸೋಲಿಸಿದ ಸಿಪಿಯೊ ‘ಆಫ್ರಿಕಾನಸ್’ ಆದ.

ಹೆಣ್ಣುಮಕ್ಕಳ ಪಾಲಿಗೆ

ಈ ಪದ್ಧತಿಯ ದೊಡ್ಡ ಅನ್ಯಾಯ ಇಲ್ಲಿದೆ. ಹಳೆಯ ಕಾಲದಲ್ಲಿ ಹೆಣ್ಣುಮಕ್ಕಳಿಗೂ ಸ್ವಂತ ಹೆಸರುಗಳಿದ್ದ ಕುರುಹು ಇದೆ. ಗಣರಾಜ್ಯದ ಕೊನೆಯ ಹೊತ್ತಿಗೆ ಗಣ್ಯ ಮನೆಗಳಲ್ಲಿ ಉಳಿದದ್ದು ಕುಲನಾಮದ ಸ್ತ್ರೀರೂಪ ಮಾತ್ರ. ಸೀಸರನ ಸೋದರತ್ತೆ ಜೂಲಿಯಾ, ಇಬ್ಬರು ಅಕ್ಕತಂಗಿಯರೂ ಜೂಲಿಯಾ, ಮಗಳೂ ಜೂಲಿಯಾ. ಗುರುತಿಗಾಗಿ ಹಿರಿಯಳಿಗೆ ಮಾಯೋರ್, ಕಿರಿಯಳಿಗೆ ಮಿನೋರ್, ಮೂರನೆಯವಳಿಗೆ ಟರ್ಷಿಯಾ ಎಂದು ಸೇರಿಸುತ್ತಿದ್ದರು. ಮದುವೆಯಾದರೂ ಹೆಸರು ಬದಲಾಗುತ್ತಿರಲಿಲ್ಲ. ಸಿಸೆರೊನ ಹೆಂಡತಿ ಕೊನೆಯವರೆಗೂ ಟೆರೆನ್ಷಿಯಾ. ಮನೆಯೊಳಗೆ ಮಾತ್ರ ಅಕ್ಕರೆಗೆ ದಾರಿಯಿತ್ತು: ಸಿಸೆರೊ ತನ್ನ ಮಗಳು ಟುಲ್ಲಿಯಾಳನ್ನು ಪತ್ರಗಳಲ್ಲಿ ‘ಟುಲ್ಲಿಯೋಲಾ’ ಎಂದು ಮುದ್ದಿಸುತ್ತಾನೆ. ಇಂಥ ಪತ್ರಗಳು ಉಳಿಯದ ಮನೆಗಳ ಎಷ್ಟೋ ಹೆಣ್ಣುಮಕ್ಕಳು ಇತಿಹಾಸದಲ್ಲಿ ಒಬ್ಬರೊಳಗೊಬ್ಬರು ಕಲಸಿಹೋಗಿದ್ದಾರೆ. ಚಕ್ರಾಧಿಪತ್ಯದ ಕಾಲಕ್ಕೆ ಸ್ಥಿತಿ ಸುಧಾರಿಸಿತು. ತಂದೆ ಅಗ್ರಿಪ್ಪನಿಂದ ಬಂದ ಅಗ್ರಿಪ್ಪಿನಾ ಎಂಬಂಥ ಹೆಸರುಗಳು ಬಳಕೆಗೆ ಬಂದವು.

ದತ್ತು, ಬಿಡುಗಡೆ

ದತ್ತು ಹೋದವನು ಹೊಸ ತಂದೆಯ ಹೆಸರು ತೊಡುತ್ತಿದ್ದ. ಕ್ರಿ.ಪೂ. 63ರಲ್ಲಿ ಗಾಯಸ್ ಆಕ್ಟೇವಿಯಸ್ ಆಗಿ ಹುಟ್ಟಿದ ಹುಡುಗ, ಕ್ರಿ.ಪೂ. 44ರಲ್ಲಿ ಸೀಸರನ ಉಯಿಲಿನಿಂದ ತಾನೂ ಗಾಯಸ್ ಜೂಲಿಯಸ್ ಸೀಸರ್ ಆದ. ಇತಿಹಾಸಕಾರರು ಗೊಂದಲ ತಪ್ಪಿಸಲು ಅವನನ್ನು ಆಕ್ಟೇವಿಯನ್ ಎನ್ನುತ್ತಾರೆ. ಕ್ರಿ.ಪೂ. 27ರಲ್ಲಿ ಸೆನೆಟ್ ‘ಆಗಸ್ಟಸ್’ ಬಿರುದು ಕೊಟ್ಟಿತು.

ಗುಲಾಮನಿಗೆ ಇದ್ದದ್ದು ಒಂದೇ ಹೆಸರು. ಬಿಡುಗಡೆಯಾದ ಮೇಲೆ ಯಜಮಾನನ ಹೆಸರುಗಳು ಮುಂದೆ ಬಂದು ಕೂರುತ್ತಿದ್ದವು. ಸಿಸೆರೊನ ಕಾರ್ಯದರ್ಶಿ ಟೈರೊ, ಮಾರ್ಕಸ್ ಟುಲ್ಲಿಯಸ್ ಟೈರೊ ಆದದ್ದು ಹೀಗೆ. ಶಾಸನಗಳಲ್ಲಿ ಇಂಥವರಿಗೆ ‘ಇಂಥವನ ಮಗ’ ಎಂಬ ಜಾಗದಲ್ಲಿ ‘ಇಂಥವನು ಬಿಡುಗಡೆ ಮಾಡಿದವನು’ ಎಂದಿರುತ್ತದೆ. ಸ್ವತಂತ್ರನಾದರೂ ಹಳೆಯ ಯಜಮಾನ ಹೆಸರಿನಿಂದ ಇಳಿಯುತ್ತಿರಲಿಲ್ಲ.

ಎಲ್ಲರೂ ಔರೇಲಿಯಸ್

ಶ್ರೀಮಂತರು ತಾಯಿಯ ಕಡೆಯ, ಪೂರ್ವಜರ ಹೆಸರುಗಳನ್ನೆಲ್ಲ ಪೋಣಿಸಿಕೊಳ್ಳುತ್ತ ಹೋದರು. ಕ್ರಿ.ಶ. 169ರ ಕಾನ್ಸಲ್ ಸೋಸಿಯಸ್ ಪ್ರಿಸ್ಕಸ್‌ಗೆ 38 ಹೆಸರುಗಳಿದ್ದವು. ಇತ್ತ 212ರಲ್ಲಿ ಚಕ್ರವರ್ತಿ ಕ್ಯಾರಕಲ್ಲ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರ ಜನರಿಗೂ ಪೌರತ್ವ ಕೊಟ್ಟ. ಹೊಸ ಪೌರರು ಅವನ ಕುಲನಾಮವನ್ನೇ ಧರಿಸಿದ್ದರಿಂದ, ಈಜಿಪ್ಟಿನ ಪಪೈರಸ್ ಪತ್ರಗಳಲ್ಲಿ ಹಳೆಯ ಸ್ಥಳೀಯ ಹೆಸರುಗಳ ಮುಂದೆ ಔರೇಲಿಯಸ್, ಔರೇಲಿಯಾ ಸಾಲುಗಟ್ಟಿ ನಿಂತಿವೆ. ಊರಿಗೂರೇ ಒಂದೇ ಕುಲನಾಮ ಹೊತ್ತಮೇಲೆ ಅದರಿಂದ ಗುರುತು ಹಿಡಿಯುವುದು ಸಾಧ್ಯವಾಗಲಿಲ್ಲ. ಪಶ್ಚಿಮ ಸಾಮ್ರಾಜ್ಯ ಕುಸಿಯುವ ಹೊತ್ತಿಗೆ ಹೆಚ್ಚಿನ ಜನರನ್ನು ಕರೆಯುತ್ತಿದ್ದುದು ಒಂದೇ ಹೆಸರಿನಿಂದ.