ನೆಲಕ್ಕೆ ಬಿದ್ದದ್ದಷ್ಟೇ

ಹುಮನಾಬಾದಿನಲ್ಲಿ ದುಡಿಮೆಗೆ ಹೆಸರು ಒಂದಲ್ಲ. ಸರ್ಕಾರದ್ದಾದರೆ ನೌಕರಿ, ಅಂಗಡಿ ಇಟ್ಟರೆ ಧಂಧಾ, ಹೊಲದಲ್ಲಾದರೆ ಕೂಲಿ, ಕೈಯಲ್ಲಿ ವಿದ್ಯೆ ಇದ್ದವರದು ಕಸಬು, ಉರ್ದು ಮಾತಾಡುವ ಮನೆಗಳಲ್ಲಿ ಪೇಶಾ. ಕನ್ನಡ, ಉರ್ದು, ಮರಾಠಿ ಒಂದೇ ಚಹಾದಂಗಡಿಯ ಬೆಂಚಿನ ಮೇಲೆ ಕೂಡುವ ಊರು ಇದು. ಒಂದೊಂದು ಪದಕ್ಕೂ ಒಂದೊಂದು ನಂಟು. ನೌಕರಿ ಅಂದ ಕೂಡಲೇ ಮೇಲೊಬ್ಬ ಸಾಹೇಬ ಕಾಣುತ್ತಾನೆ. ಧಂಧಾ ಅಂದರೆ ಲಾಭ, ಲುಕ್ಸಾನು. ಕೂಲಿ ಅಂದರೆ ಸಂಜೆಯ ಲೆಕ್ಕ. ಈಗ ಕೆಲವು ವರ್ಷಗಳಿಂದ ಈ ಸಾಲಿಗೆ ಪ್ರೊಫೆಷನಲ್ ಎಂಬುದೂ ಬಂದು ಸೇರಿದೆ. ಹೊಸ ದವಾಖಾನೆಯ ಡಾಕ್ಟರ ಬಗ್ಗೆ, ಖಾಸಗಿ ಶಾಲೆಯ ಮೇಷ್ಟ್ರ ಬಗ್ಗೆ, ಮನೆ ಕಟ್ಟಿಸುವ ಇಂಜಿನಿಯರ ಬಗ್ಗೆ ಜನ ಆ ಮಾತಾಡುತ್ತಾರೆ. 'ಭಾಳ ಪ್ರೊಫೆಷನಲ್ ಅದಾರ' ಅಂದರೆ ಹೇಳಿದ ಹೊತ್ತಿಗೆ ಬರುತ್ತಾರೆ, ಕೊಟ್ಟ ಮಾತು ಉಳಿಸಿಕೊಳ್ಳುತ್ತಾರೆ ಎಂದು ಹೊಗಳಿಕೆ. 'ಪ್ರೊಫೆಷನಲ್ ಆಗಿಬಿಟ್ಟಾರ' ಅಂದರೆ ಮಾತಿನಲ್ಲಿ ಮಮತೆ ಉಳಿದಿಲ್ಲ ಎಂದು ದೂರು.

ಈ ಪದಗಳ ಜೊತೆಗೆ ಹಳೆಯದೊಂದು ಪಕ್ಕದ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಿಂದ ಇದೆ. ಅದು ಕಾಯಕ. ಕಾಯ ಅಂದರೆ ಮೈ; ಮೈಯಿಂದ ಮಾಡುವುದು ಕಾಯಕ. ಈಗ ಅದು ಲಾರಿಯ ಹಿಂದೆ, ಬ್ಯಾಂಕಿನ ಗೋಡೆಯಲ್ಲಿ, ಅಂಗಡಿಯ ಗಲ್ಲೆಯ ಮೇಲೆ 'ಕಾಯಕವೇ ಕೈಲಾಸ' ಎಂದು ಕೈಲಾಸದ ಜೊತೆಗೂಡಿ ಕೂತಿದೆ. ಬಸವಣ್ಣನವರ ಹೆಸರಿನಲ್ಲಿ ಊರೂರು ತಿರುಗುವ ಆ ಮಾತು ನಮಗೆ ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಮಾರಯ್ಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕಿದವನು. ಆ ವಚನದಲ್ಲಿ ಅವನು ಹೇಳುವುದು ಬಹಳ ಗಟ್ಟಿ ಮಾತು: ಕೆಲಸದಲ್ಲಿ ತೊಡಗಿದ್ದಾಗ ಗುರು ಎದುರಿಗೆ ಬಂದರೂ, ಲಿಂಗಪೂಜೆಯ ಹೊತ್ತಾದರೂ ಅದನ್ನು ಮರೆಯಬೇಕು. ಬೆಂಗಳೂರಿನ ವಿಧಾನಸೌಧದ ಹಣೆಯ ಮೇಲೆ ಕೆಂಗಲ್ ಹನುಮಂತಯ್ಯನವರು ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆಸಿದರು. ದೊಡ್ಡ ಮಾತೇ ಅದು. ಆದರೆ ಕೆಲಸಕ್ಕೆ ದೇವರ ಹೆಸರಿನಿಂದ ಬೆಲೆ ಬರುತ್ತದೆ ಎಂಬ ಭಾವನೆ ಅದರಲ್ಲಿದೆ. ಮಾರಯ್ಯನಲ್ಲಿ ದೇವರೇ ಕೆಲಸಕ್ಕಾಗಿ ಕಾಯಬೇಕು.

ನುಲಿಯ ಚಂದಯ್ಯನ ಕತೆಯಲ್ಲಂತೂ ದೇವರು ಕಾಯುವುದಷ್ಟೇ ಅಲ್ಲ, ಹಿಂದೆ ಬಿದ್ದು ಬರುತ್ತಾನೆ. ಚಂದಯ್ಯ ಕೆರೆಯಲ್ಲಿ ಹುಲ್ಲು ಕೊಯ್ದು ತಂದು ಹಗ್ಗ ಹೊಸೆದು ಮಾರುವವನು. ಒಂದು ದಿನ ಕೊಯ್ಯುವಾಗ ಕೊರಳ ಲಿಂಗ ಜಾರಿ ನೀರಿಗೆ ಬಿತ್ತು. ಅವನು ಬಗ್ಗಿ ಎತ್ತಿಕೊಳ್ಳಲಿಲ್ಲ. ಹುಲ್ಲಿನ ಹೊರೆ ಹೊತ್ತು ನಡೆದ. ಲಿಂಗವೇ ಹಿಂದೆ ಬಂದು ಬೇಡಿಕೊಂಡರೂ ಒಲ್ಲೆನೆಂದ. ಕೊನೆಗೆ ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಿದ. ಹಗ್ಗ ಮಾರಿಕೊಂಡು ಬರುವ ಕೆಲಸ ಲಿಂಗದ ಪಾಲಿಗೆ ಬಂತು. ಲಿಂಗ ಹಗ್ಗವನ್ನು ಬಸವಣ್ಣನವರಲ್ಲಿಗೆ ಒಯ್ದರೆ, ಅವರು ಭಕ್ತಿಯಿಂದ ಬೆಲೆಗಿಂತ ಬಹಳ ಹೆಚ್ಚು ಹೊನ್ನು ಕೊಟ್ಟು ಕಳಿಸಿದರು. ಚಂದಯ್ಯ ಸಿಟ್ಟಾದ. ಹಗ್ಗದ ಬೆಲೆ ಹಗ್ಗದಷ್ಟೇ, ಮಿಕ್ಕದ್ದು ತನಗೆ ಸಲ್ಲದು ಎಂದು ಹಿಂದಿರುಗಿಸಲು ಹೇಳಿದ. ಬಸವಕಲ್ಯಾಣಕ್ಕೆ ಹೋದವರು ಚಂದಯ್ಯನ ಹೆಸರಿನ ಗವಿ ನೋಡಿ, ಕೈಮುಗಿದು ಬರುತ್ತಾರೆ. ಕತೆಯ ಮೊದಲರ್ಧ ಎಲ್ಲರ ಬಾಯಲ್ಲೂ ಇದೆ. ಹೊನ್ನು ವಾಪಸು ಕಳಿಸಿದ ಎರಡನೆಯ ಅರ್ಧವನ್ನು ಯಾಕೋ ಹೆಚ್ಚು ಜನ ಹೇಳುವುದಿಲ್ಲ.

ನನ್ನ ತಕರಾರು ಇರುವುದು ಇಲ್ಲಿಯೇ. ಕಾಯಕ ಎಂಬ ಪದದಿಂದ ನಾವು ದುಡಿತವನ್ನು ಉಳಿಸಿಕೊಂಡೆವು, ಅಳತೆಯನ್ನು ಬಿಟ್ಟೆವು. ಮೈ ಮುರಿದು ದುಡಿ ಎನ್ನುವುದು ಆ ಪದದ ಅರ್ಧ. ದುಡಿದದ್ದಕ್ಕಿಂತ ಹೆಚ್ಚನ್ನು ಮುಟ್ಟಬೇಡ ಎನ್ನುವುದು ಇನ್ನರ್ಧ, ಮತ್ತು ಅದೇ ಕಷ್ಟದ್ದು. ಮಾರಯ್ಯನಂಥ ಮಾರಯ್ಯನೇ ಅಲ್ಲಿ ಒಮ್ಮೆ ಎಡವಿದ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಹೆಂಡತಿ ಲಕ್ಕಮ್ಮ ಮಡಿಲು ನೋಡಿದವಳೇ, ಇಷ್ಟೊಂದು ಆಸೆ ನಿಮಗೇಕೆ, ಆಸೆ ಅರಸರಿಗಿರಲಿ, ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿ ಎಂದಳು. ಆ ಅಕ್ಕಿ ಕದ್ದದ್ದಲ್ಲ, ಯಾರನ್ನೂ ಹೆದರಿಸಿ ತಂದದ್ದಲ್ಲ, ನೆಲದಲ್ಲಿ ಬಿದ್ದದ್ದು. ಆದರೂ ಆ ಹೊತ್ತಿನ ಹಸಿವೆಗೆ ಬೇಕಾದದ್ದಕ್ಕಿಂತ ಮುಷ್ಟಿ ಜಾಸ್ತಿ.

ಜನವರಿಯಲ್ಲಿ, ವೀರಭದ್ರೇಶ್ವರ ಜಾತ್ರೆಯ ಆಸುಪಾಸು, ನಮ್ಮ ಕಡೆಯ ಮಾರುಕಟ್ಟೆಯ ಅಂಗಳಕ್ಕೆ ತೊಗರಿ ಬರುತ್ತದೆ. ಹಮಾಲರು ಕೊಕ್ಕೆ ಹಾಕಿ ಚೀಲ ಎತ್ತುವಾಗ, ತೂಕಕ್ಕೆ ಇಡುವಾಗ, ಲಾರಿಗೆ ಏರಿಸುವಾಗ ಕಾಳು ಸುರಿಯುತ್ತದೆ. ಅದನ್ನು ಗುಡಿಸಿ ಬಳಿದುಕೊಳ್ಳುವ ಹೆಂಗಸರಿದ್ದಾರೆ, ಹೆಚ್ಚಿನವರು ವಯಸ್ಸಾದವರು. ಕೈಯಲ್ಲಿ ಸವೆದ ಕಸಬರಿಗೆ, ಪಕ್ಕದಲ್ಲಿ ಮೊರ, ಒಂದು ಸಾಣಿಗೆ. ಮಣ್ಣು, ಕಲ್ಲು, ಸುತಳಿಯ ಚೂರು ಎಲ್ಲ ಕೂಡಿದ್ದನ್ನು ಮೊದಲು ಸಾಣಿಸಿ, ಆಮೇಲೆ ಗಾಳಿಗೆ ಬೆನ್ನು ಕೊಟ್ಟು ಮೊರದಲ್ಲಿ ಕೇರಿ, ಬೆರಳಲ್ಲಿ ಒಂದೊಂದೇ ಹರಳು ಆರಿಸುತ್ತಾರೆ. ಹಾಗೆ ಕೂತಿದ್ದ ಒಬ್ಬ ಅಜ್ಜಿಯ ಬೆನ್ನ ಹಿಂದೆಯೇ ಹರಿದ ಚೀಲವೊಂದಿತ್ತು, ತೂತಿನ ಬಾಯಲ್ಲಿ ಕಾಳು ನಿಂತಿತ್ತು. 'ಆಯಿ, ಅದರಾಗೂ ಬರ್ಲತಾದಲ್ಲ' ಎಂದೆ. ತಲೆ ಎತ್ತದೆಯೇ ಹೇಳಿದಳು: 'ಚೀಲಕ್ಕ ಕೈ ಹಚ್ಚಲ್ಲರೀ ನಾವು. ನೆಲಕ್ಕ ಬಿದ್ದದ್ದಷ್ಟೇ ನಮ್ದು.' ಆಮೇಲೆ ಎದ್ದು, ಅಲ್ಲಿ ಬಿದ್ದಿದ್ದ ಚಿಂದಿಯನ್ನು ಆ ತೂತಿಗೆ ತುರುಕಿ ಬಂದು ಕೂತಳು.

ನೌಕರಿ, ಧಂಧಾ, ಪೇಶಾ ಯಾವುದರಲ್ಲೂ ಅವಳ ಕೆಲಸ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಸಂಬಳವಿಲ್ಲ, ಚೀಟಿಯಿಲ್ಲ, ಹಾಜರಿಯಿಲ್ಲ. ಆದರೆ ತನ್ನ ಕೆಲಸದ ಗಡಿ ಎಲ್ಲಿ ಮುಗಿಯುತ್ತದೆ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲದಷ್ಟು ಖಚಿತವಾಗಿ ಗೊತ್ತಿತ್ತು. ಚೀಲದ ತೂತು ಮುಚ್ಚುವುದು ಅವಳ ಪಾಲಿನ ಕೆಲಸವಲ್ಲ, ಅದರಿಂದ ಅವಳಿಗೇ ನಷ್ಟ, ಆದರೂ ಮುಚ್ಚಿದಳು. ನಡತೆಯಲ್ಲಿ ಪ್ರೊಫೆಷನಲ್ ಅನ್ನುವುದಕ್ಕೆ ಇದಕ್ಕಿಂತ ಹೆಚ್ಚೇನು ಬೇಕೆಂದು ನನಗೆ ತಿಳಿಯದು.

ಇಂಗ್ಲಿಷಿನ ಆ ಪದದ ಬುಡದಲ್ಲೂ ಇರುವುದು ಪ್ರತಿಜ್ಞೆಯೇ. ಯೂರೋಪಿನ ಮಠಗಳಲ್ಲಿ ಸಂನ್ಯಾಸ ಹಿಡಿಯುವವರು ಎಲ್ಲರೆದುರು ಮಾಡುತ್ತಿದ್ದ ಪಣಕ್ಕೆ ಆ ಹೆಸರಿತ್ತು. ಕೆಲಸಗಳಿಗೆ ಅಂಟಿಕೊಂಡದ್ದು ಆಮೇಲೆ. ಹಳಗನ್ನಡದಲ್ಲಿ ಅಂಥ ಪಣಕ್ಕೆ ಭಾಷೆ ಎನ್ನುತ್ತಿದ್ದರು, ಹಳ್ಳಿಗಳಲ್ಲಿ ಈಗಲೂ ಭಾಷೆ ಕೊಡುವುದುಂಟು. ಬೀದಿ ಗುಡಿಸುತ್ತಿದ್ದಳೆಂದು ನೆನೆಯಲಾಗುವ ಸತ್ಯಕ್ಕ ತನ್ನ ವಚನದಲ್ಲಿ ಇಡುವುದು ಈ ಭಾಷೆಯನ್ನೇ: ಲಂಚಕ್ಕೆ ಕೈ ಒಡ್ಡುವುದಿಲ್ಲ, ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಎತ್ತುವುದಿಲ್ಲ. ಲಂಚ ಎಂಬ ಪದ ಅಂದೂ ಇತ್ತು, ಇಂದೂ ಇದೆ, ಅರ್ಥವೂ ಕದಲಿಲ್ಲ. ಬಿದ್ದ ಕಾಳನ್ನು ಎತ್ತಬಹುದು, ಬಿದ್ದ ಹೊನ್ನನ್ನು ಎತ್ತಬಾರದು. ಕಾಳು ಬಿಟ್ಟರೆ ಮಣ್ಣಾಗುತ್ತದೆ, ಹೊನ್ನಿಗೆ ಹುಡುಕಿಕೊಂಡು ಬರುವ ಒಡೆಯನಿರುತ್ತಾನೆ. ಈ ಸೂಕ್ಷ್ಮ ಕಲಿಸಲು ಆ ಕಾಲದಲ್ಲಿ ನಿಯಮಾವಳಿಯ ಪುಸ್ತಕವಿರಲಿಲ್ಲ.

ನಡುವೆ ಹಲವು ಶತಮಾನ ಈ ವಚನಗಳು ಮಠ, ಮನೆಗಳ ತಾಳೆಗರಿಯ ಕಟ್ಟುಗಳಲ್ಲಿ ಇದ್ದವು. ಅವನ್ನು ಅಚ್ಚಿಗೆ ತಂದವರು ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು. ಮನೆ ಮನೆ ತಿರುಗಿ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರ ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿದರು. ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಕಾಯಕ ಎಂಬ ಪದ ಲಾರಿಯ ಬೆನ್ನಿನವರೆಗೆ ಬಂದದ್ದು ಆ ವಕೀಲರ ದುಡಿಮೆಯಿಂದ.

ಬಂದ ಮೇಲೆ ಅದಕ್ಕೆ ಏನೇನೋ ಆಯಿತು. ಪತ್ರಿಕೆಯ ಅಪರಾಧ ಸುದ್ದಿಯಲ್ಲಿ ಕಳ್ಳತನವನ್ನೇ ಕಾಯಕ ಮಾಡಿಕೊಂಡಿದ್ದ ಆರೋಪಿ ಎಂದು ಬರೆಯುತ್ತಾರೆ. ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ದಿನಾಲೂ ಮಾಡುವುದೆಲ್ಲ ಕಾಯಕವಲ್ಲ. ಅದಕ್ಕಿಂತ ಕೆಟ್ಟದ್ದು, ದುಡಿಸಿಕೊಳ್ಳುವವರ ಬಾಯಲ್ಲಿ ಆ ಪದ ಬರುವುದು. ಹೆಚ್ಚು ಹೊತ್ತು ನಿಲ್ಲಿಸಿಕೊಂಡು, ಪಗಾರ ತಡ ಮಾಡಿ, ಕೇಳಿದರೆ ಕೈಲಾಸದ ಮಾತು ಹೇಳುವವರನ್ನು ನಾನು ಕಂಡಿದ್ದೇನೆ. 2013ರ ಕಾಯ್ದೆ ಮಲ ಹೊರುವ ಕೆಲಸಕ್ಕೆ ಯಾರನ್ನೂ ಹಚ್ಚಬಾರದು ಎಂದಿರುವಾಗಲೂ ಮನುಷ್ಯರನ್ನು ಗುಂಡಿಗೆ ಇಳಿಸುತ್ತಾರೆ. ಅದಕ್ಕೂ ಯಾರಾದರೂ ಕಾಯಕದ ಹೆಸರು ಕೊಟ್ಟರೆ ಅದು ಚರ್ಮದ ಕೆಲಸ ಮಾಡುತ್ತಿದ್ದ ಶರಣರಾದ ಹರಳಯ್ಯ, ಕಕ್ಕಯ್ಯನವರಿಗೆ ಮಾಡುವ ಅಪಮಾನ. ಕಾಯಕ ಮತ್ತೊಬ್ಬರಿಗೆ ಹೊರಿಸುವ ಪದವಲ್ಲ, ತಾನೇ ಹಿಡಿಯುವ ಪದ. ಹುಮನಾಬಾದ್ ತಾಲೂಕಿನ ಮೊಳಕೇರಾದಲ್ಲಿ ಮೋಳಿಗೆ ಮಾರಯ್ಯನ ಗವಿಯಿದೆ. ಕಾಶ್ಮೀರದ ಅರಸನಾಗಿದ್ದವನು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊರೆ ಮಾರಿ ಬದುಕಿದ ಎಂದು ಹೇಳುತ್ತಾರೆ. ಕತೆಯೇ ಇರಲಿ, ಕಟ್ಟಿಗೆ ಹೊರುವುದು ಹುಟ್ಟಿನಿಂದ ಬಂದದ್ದಲ್ಲ, ಆರಿಸಿಕೊಂಡದ್ದು ಎಂಬುದನ್ನು ಆ ಕತೆ ಕಟ್ಟಿದವರು ಒತ್ತಿ ಹೇಳಿದ್ದಾರೆ. ಅದೇ ಕಸಬಿನ ಹೆಸರುಗಳು ಮುಂದೆ ಜಾತಿಯ ಹೆಸರುಗಳಾಗಿ ಗಟ್ಟಿಯಾದದ್ದು ಕಲ್ಯಾಣದ ದೊಡ್ಡ ಸೋಲು.

ಈ ಮೋಳಿಗೆ ಮಾರಯ್ಯನ ಮನೆಗೂ ಬಸವಣ್ಣನವರು ಒಮ್ಮೆ ಬಂದು, ಬಡತನ ಕಂಡು ಮರುಗಿ, ಹೊನ್ನಿನ ಜಾಳಿಗೆ ಬಿಟ್ಟುಹೋದರಂತೆ. ಮಾರಯ್ಯ ಅದನ್ನು ಇಟ್ಟುಕೊಳ್ಳಲಿಲ್ಲ, ಜಂಗಮರಿಗೆ ಹಂಚಿಬಿಟ್ಟ. ಈ ಕತೆಗಳಲ್ಲಿ ಒಂದು ಸಂಗತಿ ಗಮನಿಸಬೇಕು. ತಿದ್ದುವವರು ಎಲ್ಲೂ ಮೇಲಿನವರಲ್ಲ. ಆಯ್ದಕ್ಕಿ ಮಾರಯ್ಯನನ್ನು ಹೆಂಡತಿ ತಿದ್ದುತ್ತಾಳೆ. ರಾಜ್ಯದ ಭಂಡಾರ ನೋಡಿಕೊಳ್ಳುವ ಮಂತ್ರಿ ಬಸವಣ್ಣನವರ ಹೊನ್ನನ್ನು ಕಟ್ಟಿಗೆಯವನು, ಹಗ್ಗದವನು ಒಲ್ಲೆ ಎನ್ನುತ್ತಾರೆ. ಗಂಡ ಮಾತಿನಲ್ಲಿ ಮೈಮರೆತು ಕೂತಾಗ ಕಾಯಕ ನಿಂತಿದೆ ಎಂದು ಎಬ್ಬಿಸಿ ಕಳಿಸಿದವಳೂ ಲಕ್ಕಮ್ಮನೇ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಈಗ ಬಯೋಮೆಟ್ರಿಕ್ ಹಾಜರಿಯಿದೆ, 2011ರ ಸಕಾಲ ಕಾಯ್ದೆಯಿದೆ. ಕೆಲಸ ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ ಪರಿಹಾರ ಕೊಡಬೇಕೆಂದು ಅದರಲ್ಲಿ ಬರೆದಿದೆ. ಅದು ಬೇಕು, ಬಡವರ ಕೈಗೆ ಅದೊಂದು ಆಸರೆ. ಆದರೆ ಪಕ್ಕದ ಮೇಜಿನವರು, ಇದು ಸರಿಯಲ್ಲ ಅಣ್ಣಾ, ಆ ಹಣ ಹೊಳ್ಳಿ ಕೊಡು ಎಂದು ಹೇಳುವ ರೂಢಿಯನ್ನು ಯಾವ ಕಾಯ್ದೆಯೂ ತರಲಾರದು. 2024ರಲ್ಲಿ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಸರ್ಕಾರ ಸಾರಿದ ಮೇಲೆ ಕಚೇರಿ ಕಚೇರಿಯಲ್ಲಿ ಅವರ ಭಾವಚಿತ್ರವಿದೆ. ಪಕ್ಕದಲ್ಲಿ ಲಕ್ಕಮ್ಮನದೂ ಇರಬೇಕಿತ್ತು ಎಂದು ನನ್ನ ಆಸೆ.

ಕಾಯಕ ಎಂಬ ಪದ ಒಂದು ಕಡೆ ಮಾತ್ರ ತಕ್ಕ ಜಾಗ ಹಿಡಿದಿದೆ ಎನಿಸುತ್ತದೆ. ಹಳ್ಳಿಗಳ ಉದ್ಯೋಗ ಖಾತ್ರಿ ಕೆಲಸದಲ್ಲಿ ಕೂಲಿಕಾರರ ಗುಂಪಿಗೆ ಒಬ್ಬರನ್ನು ಮುಂದಾಳು ಮಾಡುತ್ತಾರೆ, ಅವರಿಗೆ ನಮ್ಮ ರಾಜ್ಯದಲ್ಲಿ ಇಟ್ಟ ಹೆಸರು ಕಾಯಕ ಬಂಧು. ಹಾಜರಿ ಹಾಕುವುದು, ನೀರು ನೆರಳು ನೋಡುವುದು, ಅಗೆದದ್ದರ ಅಳತೆ ಹೇಳುವುದು ಅವರ ಪಾಲಿಗೆ. ಸಾಹೇಬ ಅಲ್ಲ, ಗುತ್ತಿಗೆದಾರ ಅಲ್ಲ, ಬಂಧು. ಜೊತೆಗೆ ಗುದ್ದಲಿ ಹಿಡಿದವರಲ್ಲೇ ಒಬ್ಬರು. ಬಾರದವರ ಹೆಸರಿಗೆ ಹಾಜರಿ ಹಾಕು ಎಂದು ಮೇಲಿನವರು ಹೇಳಿದಾಗ ಒಲ್ಲೆ ಎನ್ನಬೇಕಾದವರೂ ಅವರೇ. ಗುಂಡಿಯ ಅಳತೆ ಕಡಿಮೆ ಬಂದರೆ ಕಡಿಮೆ ಎಂದೇ ಬರೆಸಬೇಕು, ಗುಂಪಿನವರು ಮುನಿದರೂ. ಅಳತೆ ಪೂರ್ತಿ ಬಂದು 15 ದಿನದೊಳಗೆ ಕೂಲಿ ಬರದೇ ಹೋದರೆ, ಅದೇ ಗುಂಪನ್ನು ಕರೆದುಕೊಂಡು ಪಂಚಾಯತಿಯ ಬಾಗಿಲಿಗೆ ಹೋಗಿ ಕೇಳಬೇಕು, ಪೈಸೆ ಬಿಡದೆ.