ದೇವಯಾನಿ ಗೆಲಾಕ್ಸಿಯ ಎಕ್ಸ್-ಕಿರಣ ಸರ್ವೇಕ್ಷಣೆ

ದೇವಯಾನಿ ಅಥವಾ ಎಂ31, ಆಕಾಶಗಂಗೆಗೆ ಅತಿ ಹತ್ತಿರದ ದೊಡ್ಡ ಸುರುಳಿ ಗೆಲಾಕ್ಸಿ. ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಅಲ್ಲಿಂದ ಬರುವ ಎಕ್ಸ್-ಕಿರಣಗಳನ್ನು ನಮ್ಮ ವಾಯುಮಂಡಲ ಹೀರಿಬಿಡುವುದರಿಂದ ಉಪಗ್ರಹವಿಲ್ಲದೆ ಈ ಅಧ್ಯಯನ ಸಾಧ್ಯವಿಲ್ಲ. ನಮ್ಮದೇ ಗೆಲಾಕ್ಸಿಯಲ್ಲಿ ಇದಕ್ಕಿಂತ ಎಷ್ಟೋ ಪ್ರಖರವಾಗಿ ಕಾಣುವ ಆಕರಗಳಿರುವಾಗ ಅಷ್ಟು ದೂರ ಏಕೆ ನೋಡಬೇಕು ಎಂಬ ಪ್ರಶ್ನೆ ಸಹಜ. ಆದರೆ ಆಕಾಶಗಂಗೆಯ ಒಳಗೇ ಇರುವ ನಮಗೆ ಧೂಳು ಅಡ್ಡಬರುತ್ತದೆ, ಎಷ್ಟೋ ಆಕರಗಳ ದೂರವೂ ಖಚಿತವಾಗುವುದಿಲ್ಲ. ದೇವಯಾನಿಯಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ. ಹೆಚ್ಚು ಬೆಳಗುವಂತೆ ಕಾಣುವುದು ಅಲ್ಲಿ ನಿಜವಾಗಿಯೂ ಹೆಚ್ಚು ಬೆಳಗುತ್ತಿರುತ್ತದೆ.

1970ರಲ್ಲಿ ಹಾರಿದ ಉಹುರು ಉಪಗ್ರಹಕ್ಕೆ ಇಡೀ ಗೆಲಾಕ್ಸಿ ಒಂದೇ ಆಕರವಾಗಿ ಕಂಡಿತ್ತು. ಕನ್ನಡಿಗಳಿಂದ ಎಕ್ಸ್-ಕಿರಣಗಳನ್ನು ಕೇಂದ್ರೀಕರಿಸಿ ಚಿತ್ರ ತೆಗೆಯಬಲ್ಲ ಐನ್‌ಸ್ಟೈನ್ ವೀಕ್ಷಣಾಲಯ 1978ರಲ್ಲಿ ಕಕ್ಷೆ ಸೇರಿತು. ಅದರ ದತ್ತಾಂಶದಲ್ಲಿ 108 ಆಕರಗಳು ಸಿಕ್ಕವು. ರೋಸಾಟ್ ಉಪಗ್ರಹ 1991 ಮತ್ತು 1992ರಲ್ಲಿ ನಡೆಸಿದ ಎರಡು ಸರ್ವೇಕ್ಷಣೆಗಳು ಸೇರಿ ಆ ಸಂಖ್ಯೆ 560ಕ್ಕೆ ಏರಿತು. ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹದ 2011ರ ಪಟ್ಟಿಯಲ್ಲಿ 1,897 ಆಕರಗಳಿವೆ. ಈ ಇತಿಹಾಸವನ್ನು ಸಾಮಾನ್ಯವಾಗಿ ಇಂಥ ಏರುವ ಅಂಕಿಗಳಲ್ಲೇ ಹೇಳುವುದುಂಟು. ಅದು ದಾರಿತಪ್ಪಿಸುವ ಲೆಕ್ಕ. ಆ ಚುಕ್ಕೆಗಳಲ್ಲಿ ಎಷ್ಟೋ ದೇವಯಾನಿಯವೇ ಅಲ್ಲ. ಕೆಲವು ನಡುವೆ ಬರುವ ನಮ್ಮ ಗೆಲಾಕ್ಸಿಯ ನಕ್ಷತ್ರಗಳು, ಹಲವು ಬಹುದೂರದ ಹಿನ್ನೆಲೆಯಲ್ಲಿರುವ ಗೆಲಾಕ್ಸಿಗಳ ಸಕ್ರಿಯ ಕೇಂದ್ರಗಳು. ಅರ್ಧಕ್ಕೂ ಹೆಚ್ಚು ಆಕರಗಳಿಗೆ ಆ ಪಟ್ಟಿ ‘ಕಠಿಣ (ಹೆಚ್ಚು ಶಕ್ತಿಯ) ಕಿರಣದವು’ ಎಂಬ ಹೆಸರು ಕೊಟ್ಟು ಸುಮ್ಮನಾಗುತ್ತದೆ. ಇದನ್ನು ಸೋಲೆಂದು ಕರೆಯುವುದು ಅನ್ಯಾಯ. ಊಹೆಯನ್ನು ಗುರುತೆಂದು ಬರೆದಿದ್ದರೆ ಮುಂದೆ ಬರುವವರ ಕೆಲಸವೇ ಕೆಡುತ್ತಿತ್ತು.

ಚುಕ್ಕೆ ಯಾವುದರದೆಂದು ತಿಳಿಸಿದ್ದು ಹೆಚ್ಚಾಗಿ ಮರುನೋಟ. ರೋಸಾಟ್ 1992 ಮತ್ತು 1993ರಲ್ಲಿ ಒಂದು ಮೆದು (ಕಡಿಮೆ ಶಕ್ತಿಯ) ಕಿರಣದ ಆಕರ ಬೆಳಗಿ ಆರಿದ್ದನ್ನು ಕಂಡಿತ್ತು. 2001ರಲ್ಲಿ ಚಂದ್ರಾ ಎಕ್ಸ್-ಕಿರಣ ದೂರದರ್ಶಕಕ್ಕೂ ಅದು ಸಿಕ್ಕಿತು. ಅದೇ ಜಾಗದಲ್ಲಿ 2008ರ ಡಿಸೆಂಬರಿನಲ್ಲಿ ಒಂದು ನೋವಾ ಸಿಡಿಯಿತು. ಹೆಚ್ಚುಕಡಿಮೆ ಪ್ರತಿವರ್ಷವೂ ಅದು ಸಿಡಿಯುತ್ತದೆಂದು ಗೊತ್ತಾದ ಮೇಲೆ ಹಳೆಯ ಚುಕ್ಕೆಗಳ ಒಗಟು ಬಗೆಹರಿಯಿತು. ತಾನು ತಾಳಬಲ್ಲ ತೂಕದ ಮಿತಿಯ ಅಂಚಿನಲ್ಲಿರುವ ಒಂದು ಶ್ವೇತಕುಬ್ಜ ಜೊತೆಗಾರ ನಕ್ಷತ್ರದಿಂದ ಅನಿಲ ಸೆಳೆದುಕೊಂಡು ಸಿಡಿಯುತ್ತದೆ. ಸಿಡಿದ ಸುಮಾರು ಒಂದು ವಾರಕ್ಕೆ ಎಕ್ಸ್-ಕಿರಣ ಹೊರಬರುತ್ತದೆ, ಮತ್ತೆರಡು ವಾರದಲ್ಲಿ ಆರುತ್ತದೆ. ಆ ಕಿಟಕಿ ತಪ್ಪಿದರೆ ಎಷ್ಟು ಸೂಕ್ಷ್ಮ ಉಪಕರಣವಿದ್ದರೂ ಅಲ್ಲಿ ಏನೂ ಕಾಣದು. ನೆಲದ ನೆರವೂ ಬೇಕು: ಹೊಸಕೋಟೆಯಿಂದ ನಿಯಂತ್ರಿಸುವ ಹಾನ್ಲೆಯ ಹಿಮಾಲಯನ್ ಚಂದ್ರ ದೂರದರ್ಶಕ ಈ ನೋವಾದ ರೋಹಿತಗಳನ್ನು ದಾಖಲಿಸಿದೆ. ಮರುನೋಟ ಆಕಾಶದಲ್ಲೇ ನಡೆಯಬೇಕೆಂದೂ ಇಲ್ಲ. 1.2 ಸೆಕೆಂಡಿಗೊಮ್ಮೆ ಸುತ್ತುವ ದೇವಯಾನಿಯ ನ್ಯೂಟ್ರಾನ್ ನಕ್ಷತ್ರವೊಂದು ಎಕ್ಸ್‌ಎಂಎಂ-ನ್ಯೂಟನ್‌ನ ಹಳೆಯ ದತ್ತಾಂಶವನ್ನು ಜಾಲಾಡಿದಾಗ ಸಿಕ್ಕಿದ್ದು.

ದುಬಾರಿ ವೀಕ್ಷಣಾ ಸಮಯವನ್ನು ಒಂದೇ ಗೆಲಾಕ್ಸಿಗೆ ಪದೇಪದೇ ಕೊಡುವ ಬದಲು ತೀಕ್ಷ್ಣ ಉಪಕರಣದಿಂದ ಒಮ್ಮೆ ದೀರ್ಘವಾಗಿ ನೋಡಿದರೆ ಸಾಲದೇ ಎಂಬ ಆಕ್ಷೇಪವಿದೆ. ಕೇಂದ್ರಭಾಗದ ಮಟ್ಟಿಗೆ ತೀಕ್ಷ್ಣತೆಗೆ ಬದಲಿಲ್ಲ, ನಿಜ. ಅರ್ಧ ಆರ್ಕ್‌ಸೆಕೆಂಡಿನಷ್ಟು ಸೂಕ್ಷ್ಮವಾಗಿ ನೋಡಬಲ್ಲ ಚಂದ್ರಾ ಇಲ್ಲದಿದ್ದರೆ ನಡುವಿನ ಮಹಾ ಕಪ್ಪುಕುಳಿಯನ್ನು ಅದರ ನೆರೆಯ ಆಕರಗಳಿಂದ ಬೇರ್ಪಡಿಸಲು ಆಗುತ್ತಿರಲಿಲ್ಲ. ಆದರೆ ಆ ಚಂದ್ರಾದ 1999ರ ಮೊದಲ ಚಿತ್ರದಲ್ಲಿ ಸಹ ಕಂಡ ಮೆದು ಆಕರವನ್ನು ಕಪ್ಪುಕುಳಿಯೆಂದೇ ಮೊದಲು ಭಾವಿಸಲಾಗಿತ್ತು; ಅದು ಪಕ್ಕದ ಬೇರೊಂದು ಆಕರವೆಂದು ಆಮೇಲೆ ತಿಳಿಯಿತು. 2005ರವರೆಗೆ ತೀರಾ ಮಂಕಾಗಿದ್ದ ಕಪ್ಪುಕುಳಿ 2006ರ ಜನವರಿ 6ರಂದು ನೂರು ಪಟ್ಟಿಗೂ ಹೆಚ್ಚು ಬೆಳಗಿತು. ಆಮೇಲೂ ಅದು ಹಿಂದಿನ ಮಂಕು ಸ್ಥಿತಿಗೆ ಮರಳದೆ, ಸರಾಸರಿ ಹತ್ತು ಪಟ್ಟು ಪ್ರಖರವಾಗಿ ಏರಿಳಿಯುತ್ತಿತ್ತು. ವರ್ಷಗಟ್ಟಲೆ ಅದೇ ಜಾಗವನ್ನು ನೋಡುತ್ತಿದ್ದುದರಿಂದಲೇ ಈ ಬದಲಾವಣೆ ದಾಖಲಾಯಿತು.